ಯಶೋಧರ ಕಥೆಯಲ್ಲಿ ನಂಬಿಕೆ, ನಿಸರ್ಗ ಮತ್ತು ಕೇಡು: ಮಳಖೇಡದ ಪುಷ್ಪದಂತನಿಂದ ಜನ್ನನವರೆಗೆ

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವೆಂಬುದು ಇತಿಹಾಸಜ್ಞರೆಲ್ಲರೂ ಒಪ್ಪಿದ ಸಂಗತಿ. ಅಮೋಘವರ್ಷ ನೃಪತುಂಗನ ಕಾಲದಿಂದ ಒಂದೂವರೆ ಶತಮಾನ ದಖ್ಖಣದ ರಾಜಕೀಯಕ್ಕೆ ಈ ಊರು ಕೇಂದ್ರವಾಗಿತ್ತು. ಚಿಂಚೋಳಿಯ ಗುಡ್ಡಗಾಡನ್ನು ಹಾಯ್ದು ಬರುವ ಮುಲ್ಲಾಮಾರಿ ಹೊಳೆ ಕಾಗಿಣೆಯನ್ನು ಸೇರುತ್ತದೆ. ಕಾಗಿಣೆಯು ಸೇಡಂ, ಚಿತ್ತಾಪುರ ಸೀಮೆಗಳನ್ನು ದಾಟಿ ಭೀಮೆಯನ್ನು ಕೂಡುತ್ತದೆ. ಈ ನದೀಬಯಲಿನ ಸಾಹಿತ್ಯಕ ಮಹತ್ವವನ್ನು ಹೇಳುವಾಗ ‘ಕವಿರಾಜಮಾರ್ಗ’ದ ಹೆಸರು ಮೊದಲು ಬರುವುದು ಸಹಜ. ಆದರೆ ಇದೇ ಮಳಖೇಡದಲ್ಲಿ ಹತ್ತನೆಯ ಶತಮಾನದಲ್ಲಿ ಅಪಭ್ರಂಶ ಭಾಷೆಯ ಮಹಾಕವಿ ಪುಷ್ಪದಂತನು ‘ಜಸಹರಚರಿಉ’ ಎಂಬ ಕಾವ್ಯವನ್ನು ರಚಿಸಿದನೆಂಬುದಕ್ಕೆ ಕನ್ನಡದ ಚರ್ಚೆಗಳಲ್ಲಿ ಅಷ್ಟು ಗಮನ ದೊರೆತಿಲ್ಲ. ಜಸಹರನೆಂದರೆ ಯಶೋಧರ. ಕನ್ನಡ ಓದುಗರಿಗೆ ಜನ್ನನ ‘ಯಶೋಧರ ಚರಿತೆ’ಯ ಮೂಲಕ ಚಿರಪರಿಚಿತವಾದ ಕಥೆಯೇ ಇದು.

ಭಾರತೀಯ ಕಥಾಪರಂಪರೆಯಲ್ಲಿ ಭಯಾನಕ ಮತ್ತು ಬೀಭತ್ಸಗಳನ್ನು ಯಶೋಧರನ ಕಥೆಯಷ್ಟು ಉದ್ದೇಶಪೂರ್ವಕವಾಗಿ ಬಳಸಿಕೊಂಡ ಕಥೆಗಳು ವಿರಳ. ನರಬಲಿಗೆ ಅಣಿಯಾದ ಮಾರಿಗುಡಿ, ಕತ್ತಿಯ ಪೆಟ್ಟಿಗೆ ಕೂಗುವ ಹಿಟ್ಟಿನ ಹುಂಜ, ವಿಷದೂಟ, ಜನ್ಮಜನ್ಮಾಂತರಗಳಲ್ಲಿ ಪರಸ್ಪರ ಕೊಂದು ತಿನ್ನುವ ತಾಯಿಮಕ್ಕಳು ಇಲ್ಲಿ ಬರುತ್ತಾರೆ. ಇಂಥ ಕಥೆಯನ್ನು ಅಹಿಂಸೆಯ ಬೋಧನೆಗಾಗಿ ಹುಟ್ಟಿದ್ದು ಎಂದು ಹೇಳಿ ಮುಗಿಸುವುದು ವಾಡಿಕೆ. ಅದು ತಪ್ಪಲ್ಲ, ಆದರೆ ಅಷ್ಟರಿಂದ ಕಥೆಯ ಒಳಗಿನ ಪ್ರಶ್ನೆಗಳು ತೀರುವುದಿಲ್ಲ. ಕೇಡು ಎಲ್ಲಿರುತ್ತದೆ? ದೇವತೆಯಲ್ಲೋ, ಕಾಡಿನಲ್ಲೋ, ಹೆಣ್ಣಿನಲ್ಲೋ, ಇಲ್ಲವೆ ಕತ್ತಿ ಹಿಡಿದವನ ಮನಸ್ಸಿನಲ್ಲೋ? ಮಳಖೇಡದಿಂದ ದೋರಸಮುದ್ರದವರೆಗಿನ ಎರಡೂವರೆ ಶತಮಾನಗಳಲ್ಲಿ ಈ ಪ್ರಶ್ನೆಗೆ ಕವಿಗಳು ಕೊಟ್ಟ ಉತ್ತರ ಒಂದೇ ಆಗಿಲ್ಲ. ಆ ವ್ಯತ್ಯಾಸಗಳನ್ನು ಗುರುತಿಸುವುದು, ಈ ಕಾವ್ಯಗಳನ್ನು ಚಾರಿತ್ರಿಕ ಆಕರಗಳಾಗಿ ಬಳಸುವಾಗ ಇರಬೇಕಾದ ಎಚ್ಚರವನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಕಥೆಯ ಪರಂಪರೆ

ಯಶೋಧರನ ಕಥೆ ರಾಷ್ಟ್ರಕೂಟರಿಗಿಂತ ಹಳೆಯದು. ಕ್ರಿ.ಶ. 779ರಲ್ಲಿ ರಚಿತವಾದ ಉದ್ದ್ಯೋತನಸೂರಿಯ ‘ಕುವಲಯಮಾಲಾ’ದಲ್ಲಿ ಯಶೋಧರನ ಚರಿತೆಯನ್ನು ಬರೆದ ಪ್ರಭಂಜನನೆಂಬ ಕವಿಯ ಸ್ಮರಣೆಯಿದೆ. ಹರಿಭದ್ರನ ‘ಸಮರಾಇಚ್ಚಕಹಾ’ದಲ್ಲಿಯೂ ಹರಿಷೇಣನ ‘ಬೃಹತ್ಕಥಾಕೋಶ’ದಲ್ಲಿಯೂ ಕಥೆ ದೊರೆಯುತ್ತದೆ. ಆದರೆ ಇದು ದೊಡ್ಡ ಕಾವ್ಯದ ವಸ್ತುವಾಗಿ ಬೆಳೆದದ್ದು ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಳ್ವಿಕೆಯ ಸುತ್ತಮುತ್ತ. ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಮಗನ ಆಶ್ರಯದಲ್ಲಿದ್ದ ಸೋಮದೇವಸೂರಿಯು ಸಂಸ್ಕೃತದಲ್ಲಿ ‘ಯಶಸ್ತಿಲಕ’ ಚಂಪುವನ್ನು ಶಕ 881ರಲ್ಲಿ, ಎಂದರೆ ಕ್ರಿ.ಶ. 959ರಲ್ಲಿ ಮುಗಿಸಿದನು. ಆ ಅರಿಕೇಸರಿಯೇ ಪಂಪನ ಆಶ್ರಯದಾತ. ಕಾವ್ಯ ಮುಗಿಯುವ ಹೊತ್ತಿಗೆ ಕೃಷ್ಣನು ತೆಂಕಣ ದಿಗ್ವಿಜಯ ಮುಗಿಸಿ ಮೇಲ್ಪಾಟಿಯಲ್ಲಿ ಬೀಡುಬಿಟ್ಟಿದ್ದನೆಂದು ಸೋಮದೇವನು ದಾಖಲಿಸಿದ್ದಾನೆ.

ಅದೇ ಸಿದ್ಧಾರ್ಥಿ ಸಂವತ್ಸರದಲ್ಲಿ ಪುಷ್ಪದಂತನು ತನ್ನ ‘ಮಹಾಪುರಾಣ’ವನ್ನು ಆರಂಭಿಸಿ 965ರಲ್ಲಿ ಪೂರೈಸಿದನು. ಈತನ ತಂದೆ ಕೇಶವಭಟ್ಟ, ತಾಯಿ ಮುಗ್ಧಾದೇವಿ. ಹುಟ್ಟಿನಿಂದ ಶೈವ ಬ್ರಾಹ್ಮಣ, ಅನಂತರ ಜೈನ. ಕೃಷ್ಣನ ಮಂತ್ರಿಯಾದ ಭರತನು ‘ಮಹಾಪುರಾಣ’ಕ್ಕೆ ಪ್ರೇರಕನಾದರೆ, ಭರತನ ಮಗ ನನ್ನನು ‘ಣಾಯಕುಮಾರಚರಿಉ’ ಮತ್ತು ‘ಜಸಹರಚರಿಉ’ ಕಾವ್ಯಗಳಿಗೆ ಆಶ್ರಯದಾತನಾದನು. ಪುಷ್ಪದಂತನ ಬಿರುದುಗಳಲ್ಲಿ ಅಭಿಮಾನಮೇರು ಎಂಬುದೊಂದು, ಕಾವ್ಯಪಿಶಾಚ ಎಂಬುದು ಇನ್ನೊಂದು. ಭಯದ ಕಥೆಯನ್ನು ಬರೆದವನಿಗೆ ಎರಡನೆಯ ಬಿರುದು ಒಪ್ಪುವಂಥದೇ ಆಗಿದೆ.

ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದ ವಾದಿರಾಜನು ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ ನಾಲ್ಕು ಸರ್ಗಗಳ ಸಂಸ್ಕೃತ ‘ಯಶೋಧರಚರಿತ’ವನ್ನು ಬರೆದನು. ಹೊಯ್ಸಳ ವೀರಬಲ್ಲಾಳನ ಆಸ್ಥಾನಕವಿ ಜನ್ನನು 1209ರಲ್ಲಿ ನಾಲ್ಕು ಅವತಾರಗಳ ಕನ್ನಡ ‘ಯಶೋಧರ ಚರಿತೆ’ಯನ್ನು ಬಹುಮಟ್ಟಿಗೆ ಕಂದಪದ್ಯಗಳಲ್ಲಿ ರಚಿಸಿದನು. ಜನ್ನನ ಕಥಾಶರೀರಕ್ಕೆ ವಾದಿರಾಜನ ಕೃತಿಯೇ ಆಧಾರವೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಹೀಗೆ ಒಂದೇ ಕಥೆಯ ನಾಲ್ಕು ಪ್ರಮುಖ ರೂಪಗಳು ವೇಮುಲವಾಡ, ಮಳಖೇಡ, ಕಲ್ಯಾಣ, ದೋರಸಮುದ್ರ ರಾಜ್ಯಗಳ ಪರಿಸರದಲ್ಲಿ ಹುಟ್ಟಿವೆ. ಮೊದಲ ಮೂರೂ ಸೇಡಂ–ಚಿಂಚೋಳಿ ಸೀಮೆಯನ್ನು ಬಳಸಿ ನಿಂತ ಕೇಂದ್ರಗಳು. ಸೇಡಂನ ಹನ್ನೆರಡನೆಯ ಶತಮಾನದ ಶಾಸನಗಳೂ ಮಳಖೇಡದ ನೇಮಿನಾಥ ಬಸದಿಯೂ ಈ ಪ್ರದೇಶದಲ್ಲಿ ಜೈನಧರ್ಮ ಪಡೆದಿದ್ದ ನೆಲೆಯನ್ನು ಸೂಚಿಸುತ್ತವೆ.

ನಂಬಿಕೆ: ಭಯದಿಂದ ಹುಟ್ಟಿದ್ದು, ಭಯವನ್ನು ಕಳೆಯುವುದು

ಕಥೆಯ ಹೊರಚೌಕಟ್ಟು ರಾಜಪುರದ ಅರಸ ಮಾರಿದತ್ತನದು. ಚಂಡಮಾರಿಯ ಜಾತ್ರೆಗೆ ಬಗೆಬಗೆಯ ಪ್ರಾಣಿಗಳ ಜೋಡಿಗಳನ್ನು ಕೂಡಿಹಾಕಲಾಗಿದೆ. ಮನುಷ್ಯರ ಜೋಡಿಯೊಂದೇ ಬಾಕಿ. ತಳಾರನು ಭಿಕ್ಷೆಗೆ ಹೊರಟಿದ್ದ ಅಭಯರುಚಿ, ಅಭಯಮತಿ ಎಂಬ ಎಳೆಯ ತಪಸ್ವಿಗಳನ್ನು ಹಿಡಿದು ತರುತ್ತಾನೆ. ಅವರು ಅಣ್ಣತಂಗಿಯರು. ಕತ್ತಿಯ ಮುಂದೆ ನಿಂತೂ ಅಳುಕದ ಆ ಮಕ್ಕಳನ್ನು ಕಂಡು ಅರಸನು ಬೆರಗಾಗಿ ಅವರ ವೃತ್ತಾಂತವನ್ನು ಕೇಳುತ್ತಾನೆ. ಮುಂದಿನ ಕಥೆಯೆಲ್ಲ ಆ ಉತ್ತರವೇ. ಮಕ್ಕಳ ಹೆಸರುಗಳಲ್ಲಿ ‘ಅಭಯ’ ಎಂಬ ಶಬ್ದವಿರುವುದು ಆಕಸ್ಮಿಕವಲ್ಲ. ಮಾರಿದತ್ತನ ನಂಬಿಕೆ ಭಯದಿಂದ ಹುಟ್ಟಿದ್ದು. ಮಕ್ಕಳ ನಂಬಿಕೆ ಭಯವನ್ನು ಕಳೆದುಕೊಂಡದ್ದು. ಈ ಎರಡರ ಮುಖಾಮುಖಿಯೇ ಕಥೆಯ ಬೀಜ.

ಮಾರಿದತ್ತನನ್ನು ಬಲಿಗೆ ಪ್ರೇರಿಸಿದ್ದು ಯಾವುದು ಎಂಬಲ್ಲಿ ಕವಿಗಳು ಬೇರೆಯಾಗುತ್ತಾರೆ. ಸೋಮದೇವನಲ್ಲಿ ವೀರಭೈರವನೆಂಬ ಕೌಲಾಚಾರ್ಯನಿದ್ದಾನೆ. ಬಲಿ ಕೊಟ್ಟರೆ ದಿವ್ಯಖಡ್ಗ ಸಿದ್ಧಿಸಿ ವಿದ್ಯಾಧರರನ್ನೂ ಗೆಲ್ಲಬಹುದೆಂಬ ಆಸೆಯನ್ನು ಅವನು ಅರಸನಲ್ಲಿ ಬಿತ್ತುತ್ತಾನೆ. ಇಲ್ಲಿ ಕೇಡು ಒಬ್ಬ ಗುರುವಿನಿಂದ, ಒಂದು ಪಂಥದಿಂದ, ಅಧಿಕಾರದ ಲೋಭದಿಂದ ಬರುತ್ತದೆ. ಜನ್ನನಲ್ಲಿ ಅಂಥ ಗುರುವಿಗೆ ಪ್ರಾಧಾನ್ಯವಿಲ್ಲ. ಅಲ್ಲಿರುವುದು ಊರು ನಡೆಸಿಕೊಂಡು ಬಂದ ಜಾತ್ರೆ. ನಡೆಸದಿದ್ದರೆ ಮಾರಿ ಮುನಿದಾಳೆಂಬ ಅಂಜಿಕೆ. ಕೇಡಿಗೆ ಪ್ರತ್ಯೇಕ ಖಳನಾಯಕ ಬೇಕಿಲ್ಲ, ರೂಢಿಯೇ ಸಾಕು ಎಂಬ ಅರಿವು ಜನ್ನನ ಈ ನಿರೂಪಣೆಯಲ್ಲಿದೆ. ಪಂಥವೊಂದರ ಖಂಡನೆಯಾಗಿದ್ದ ಕಥೆ ಇಲ್ಲಿ ಸಮುದಾಯದ ಆತ್ಮಪರೀಕ್ಷೆಯ ಕಡೆಗೆ ತಿರುಗುತ್ತದೆ.

ಒಳಗಿನ ಕಥೆಯಲ್ಲಿ ನಂಬಿಕೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾಗುತ್ತದೆ. ಉಜ್ಜಯಿನಿಯ ಯಶೋಧರನು ತನ್ನ ರಾಣಿ ಅಮೃತಮತಿಯು ವಿಕಾರರೂಪದ ಮಾವಟಿಗನಲ್ಲಿ ಅನುರಕ್ತಳಾದುದನ್ನು ಕಣ್ಣಾರೆ ಕಾಣುತ್ತಾನೆ. ಕತ್ತಿ ಹಿರಿದರೂ ತಡೆದುಕೊಳ್ಳುತ್ತಾನೆ. ಮನೋವ್ಯಥೆಯ ಕಾರಣವನ್ನು ತಾಯಿಗೆ ನೇರವಾಗಿ ಹೇಳಲಾರದೆ ಕೆಟ್ಟ ಕನಸೆಂದು ನೆಪ ಹೇಳುತ್ತಾನೆ. ತಾಯಿ ಚಂದ್ರಮತಿಯು ದುಃಸ್ವಪ್ನದ ಶಾಂತಿಗಾಗಿ ದೇವಿಗೆ ಬಲಿ ಕೊಡಬೇಕೆನ್ನುತ್ತಾಳೆ. ಮಗನು ಜೀವಹಿಂಸೆಗೆ ಒಪ್ಪುವುದಿಲ್ಲ. ತಾಯಿಯ ಮಾತನ್ನು ಮೀರಲೂ ಆರನು. ಕಡೆಗೆ ಹಿಟ್ಟಿನ ಹುಂಜವನ್ನು ಮಾಡಿಸಿ ಬಲಿಕೊಡುವ ಒಪ್ಪಂದಕ್ಕೆ ಬರುತ್ತಾರೆ. ಜನ್ನನ ನಿರೂಪಣೆಯಲ್ಲಿ ಆ ಹುಂಜ ಎಷ್ಟು ಸಜೀವವಾಗಿ ತೋರುತ್ತದೆಂದರೆ ಬೆಂತರವೊಂದು ಅದರೊಳಗೆ ಹೊಕ್ಕು, ಕತ್ತಿ ಬಿದ್ದೊಡನೆ ಕೂಗುತ್ತದೆ. ಈ ಕೂಗೇ ಇಡೀ ಕಥೆಯ ಅತ್ಯಂತ ಭಯಂಕರ ಕ್ಷಣ. ಹರಿದದ್ದು ನೆತ್ತರಲ್ಲ, ಹಿಟ್ಟು. ಆದರೂ ಕೊಲೆ ನಡೆದುಹೋಯಿತು ಎಂಬುದು ಕತ್ತಿ ಹಿಡಿದವನಿಗೇ ತಿಳಿಯುತ್ತದೆ.

ಈ ಪ್ರಸಂಗವು ಸಂಕಲ್ಪಹಿಂಸೆ ಎಂಬ ಜೈನ ತತ್ತ್ವದ ನಿದರ್ಶನ. ಕೊಲ್ಲುವ ಇಚ್ಛೆಯೇ ಕರ್ಮಬಂಧಕ್ಕೆ ಕಾರಣ. ವಸ್ತು ನಿಜವೋ ಪ್ರತಿಮೆಯೋ ಎಂಬುದು ಗೌಣ. ಸೋಮದೇವನು ಈ ಸಂದರ್ಭದಲ್ಲಿ ತಾಯಿಮಗನ ನಡುವೆ ಯಜ್ಞಹಿಂಸೆಯ ಕುರಿತು ದೀರ್ಘವಾದ ವಾದವನ್ನೇ ನಡೆಸುತ್ತಾನೆ. ಇದೇ ಪ್ರಶ್ನೆಗೆ ಕರ್ನಾಟಕದ ಮತ್ತೊಂದು ಪರಂಪರೆ ಬೇರೆ ಉತ್ತರ ಕೊಟ್ಟಿದೆ. ಹದಿಮೂರನೆಯ ಶತಮಾನದ ಮಧ್ವಾಚಾರ್ಯರ ಸಂಪ್ರದಾಯವು ಯಜ್ಞದಲ್ಲಿ ಪಿಷ್ಟಪಶುವನ್ನು, ಎಂದರೆ ಹಿಟ್ಟಿನಿಂದ ಮಾಡಿದ ಪಶುವನ್ನು, ಅಂಗೀಕರಿಸಿತು. ಒಂದು ದೃಷ್ಟಿಗೆ ಹಿಟ್ಟಿನ ಪಶು ಹಿಂಸೆಯಿಂದ ಬಿಡುಗಡೆ. ಇನ್ನೊಂದು ದೃಷ್ಟಿಗೆ ಅದು ಹಿಂಸೆಯ ಮುಂದುವರಿಕೆ. ಜಯತೀರ್ಥರ ಹೆಸರಿನೊಡನೆ ಬೆಸೆದುಕೊಂಡು ದ್ವೈತ ಸಂಪ್ರದಾಯದವರಿಗೂ ಪವಿತ್ರವಾದ ಮಳಖೇಡದಲ್ಲಿ, ಆಹುತಿಯನ್ನು ಕುರಿತ ಈ ಎರಡು ವಿಚಾರಧಾರೆಗಳ ನೆನಪೂ ಒಂದೇ ನದಿಯ ದಂಡೆಯಲ್ಲಿ ಉಳಿದಿದೆ. ಎರಡೂ ರಕ್ತವನ್ನು ನಿರಾಕರಿಸಿದವು. ಭೇದವಿರುವುದು ಮನಸ್ಸಿನ ಪಾತ್ರವನ್ನು ಎಷ್ಟರಮಟ್ಟಿಗೆ ಎಣಿಸಬೇಕೆಂಬಲ್ಲಿ.

ನಿಸರ್ಗ: ಸಾಕ್ಷಿ, ಸಹಭಾಗಿ, ಸೆರೆಮನೆ

ನಿಸರ್ಗವರ್ಣನೆಯು ಚಂಪೂ ಪರಂಪರೆಯ ಕಡ್ಡಾಯದ ಅಂಗ. ವಸಂತ ಬಂದರೆ ಮಾವು ಚಿಗುರಬೇಕು, ಕೋಗಿಲೆ ಉಲಿಯಬೇಕು. ಜನ್ನನು ಈ ಸಿದ್ಧಸಾಮಗ್ರಿಯನ್ನು ಕೈಬಿಡುವುದಿಲ್ಲ. ಅದನ್ನು ತಿರುಗುಮುರುಗು ಮಾಡುತ್ತಾನೆ. ಚಂಡಮಾರಿಯ ಗುಡಿಯ ಸುತ್ತಣ ವನಕ್ಕೆ ವಸಂತನು ಹರಕೆ ಒಪ್ಪಿಸಲು ಬಂದ ಭಕ್ತನಂತೆ ಬರುತ್ತಾನೆ. ಅವನು ಹಿಡಿದು ತಂದ ಬಲಿಪಶು ಶಿಶಿರ. ಮಾವಿನ ಬುಡದಲ್ಲಿ ರಾಶಿಯಾಗಿ ಉದುರಿದ ಮುತ್ತುಗದ ಮೊಗ್ಗುಗಳು ಕೊಚ್ಚಿ ಹರಡಿದ ಮಾಂಸದ ತುಣುಕುಗಳಂತೆ ಕಾಣುತ್ತವೆ. ಋತುಪರಿವರ್ತನೆಯೇ ಒಂದು ಬಲಿಯಾಗಿಬಿಡುತ್ತದೆ.

ಉತ್ತರ ಕರ್ನಾಟಕದಲ್ಲಿ ಮುತ್ತಲವೆಂದೂ ಕರೆಯುವ ಮುತ್ತುಗವು ದಖ್ಖಣದ ಒಣಕಾಡುಗಳ ಸಾಮಾನ್ಯ ಮರ. ಎಲೆ ಉದುರಿದ ಬೋಳುಕೊಂಬೆಯ ಮೇಲೆ ಬೇಸಗೆಯ ಆರಂಭದಲ್ಲಿ ಕೆಂಪಾಗಿ ಹೂ ಬಿಡುವ ಈ ಮರವನ್ನು ಕಂಡವರಿಗೆ ಜನ್ನನ ಕಲ್ಪನೆ ದೂರಾನ್ವಯವೆನಿಸದು. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ, ಸುಮಾರು 134 ಚದರ ಕಿಲೋಮೀಟರ್ ವಿಸ್ತಾರದ ಚಿಂಚೋಳಿಯ ಅರಣ್ಯವು ಇಂಥ ಎಲೆಯುದುರುವ ಒಣಕಾಡಿನ ಉಳಿದ ತುಣುಕುಗಳಲ್ಲಿ ಒಂದು. ಕಾವ್ಯದ ಕಾಡು ಸಂಪ್ರದಾಯದಿಂದ ಬಂದದ್ದಾದರೂ ಅದರ ಬಣ್ಣ ಈ ನೆಲದ್ದೇ.

ಗಮನಿಸಬೇಕಾದ ವಿಚಾರವೆಂದರೆ ಮುತ್ತುಗವು ತನ್ನಷ್ಟಕ್ಕೆ ಕ್ರೂರವಲ್ಲ. ಗುಡಿಯ ಬಳಿ ನಿಂತುದರಿಂದ ಅದರ ಹೂ ಮಾಂಸವಾಗಿ ಕಾಣುತ್ತದೆ. ನೋಡುವ ಕಣ್ಣಿನಲ್ಲಿರುವ ಹಿಂಸೆ ನಿಸರ್ಗಕ್ಕೆ ಅಂಟುತ್ತದೆ. ಕೇಡು ಮನಸ್ಸಿನದೆಂಬ ಕಥೆಯ ಮೂಲಪ್ರತಿಜ್ಞೆಗೆ ಈ ವರ್ಣನೆ ಹೊರತಾದುದಲ್ಲ, ಅದರ ಮೊದಲ ಸೂಚನೆ.

ನಿಸರ್ಗದ ಎರಡನೆಯ ಮುಖ ಪ್ರಾಣಿಜನ್ಮಗಳಲ್ಲಿ ಕಾಣುತ್ತದೆ. ವಿಷಪ್ರಾಶನದಿಂದ ಸತ್ತ ಯಶೋಧರನೂ ಚಂದ್ರಮತಿಯೂ ನವಿಲು ಮತ್ತು ನಾಯಿ, ಮುಳ್ಳುಹಂದಿ ಮತ್ತು ಹಾವು, ಮೀನು ಮತ್ತು ಮೊಸಳೆ, ಆಡು ಮತ್ತು ಕೋಣ ಮೊದಲಾಗಿ ಹುಟ್ಟಿ, ಕಡೆಗೆ ಕೋಳಿಗಳ ಜೋಡಿಯಾಗುತ್ತಾರೆ. ನವಿಲನ್ನು ನಾಯಿ ಕೊಲ್ಲುತ್ತದೆ. ಹಾವನ್ನು ಮುಳ್ಳುಹಂದಿ ತಿನ್ನುತ್ತದೆ. ಮನುಷ್ಯಜನ್ಮದಲ್ಲಿ ಒಬ್ಬರನ್ನೊಬ್ಬರು ಪ್ರೀತಿಸಿದ ತಾಯಿಮಕ್ಕಳು ಪ್ರಾಣಿಜನ್ಮದಲ್ಲಿ ಒಬ್ಬರಿಗೊಬ್ಬರು ಆಹಾರವಾಗುತ್ತಾರೆ. ಇದಕ್ಕಿಂತ ಘೋರವಾದುದು ಅರಮನೆಯ ಅಡುಗೆಮನೆ. ಕಥೆಯ ಬಹುತೇಕ ಪಾಠಗಳಲ್ಲಿ ಮಗ ಯಶೋಮತಿಯು ತಂದೆಯ ಸದ್ಗತಿಗಾಗಿ ಶ್ರಾದ್ಧ ಮಾಡಿಸುತ್ತಾನೆ. ಆ ಶ್ರಾದ್ಧದ ಊಟಕ್ಕೆ ಬೇಯುವ ಪ್ರಾಣಿಯೇ ಅವನ ತಂದೆ. ಕಾಡಿನಲ್ಲಿ ನಡೆಯುವ ಬೇಟೆ ಹಸಿವಿನದು, ಅರಮನೆಯಲ್ಲಿ ನಡೆಯುವ ಕೊಲೆ ಪಿತೃಭಕ್ತಿಯದು. ಎರಡನ್ನೂ ಪಕ್ಕದಲ್ಲಿಟ್ಟು ಯಾವುದು ಹೆಚ್ಚು ಭೀಕರವೆಂದು ಕಥೆ ಕೇಳುತ್ತದೆ.

ಇಲ್ಲಿ ‘ವಡ್ಡಾರಾಧನೆ’ಯ ಸುಕುಮಾರಸ್ವಾಮಿಯ ಕಥೆಯನ್ನು ಹೋಲಿಸುವುದು ಉಪಯುಕ್ತ. ಧ್ಯಾನಸ್ಥನಾದ ಸುಕುಮಾರನನ್ನು ನರಿಯೊಂದು ಮರಿಗಳೊಡನೆ ತಿನ್ನುತ್ತದೆ. ಆ ನರಿ ಹಿಂದಿನ ಜನ್ಮದಲ್ಲಿ ಅವನಿಂದ ಒದೆಸಿಕೊಂಡ ಅತ್ತಿಗೆ. ಅಲ್ಲಿಯೂ ಪ್ರಾಣಿಯ ಕ್ರೌರ್ಯಕ್ಕೆ ಮನುಷ್ಯನ ಕೃತ್ಯವೇ ಮೂಲ. ಆದರೆ ಸುಕುಮಾರನು ಅರಿತು ಸಹಿಸುತ್ತಾನೆ. ಆ ಅರಿವಿನಿಂದಲೇ ಬಿಡುಗಡೆ ಪಡೆಯುತ್ತಾನೆ. ಯಶೋಧರನಿಗೆ ಪ್ರಾಣಿಜನ್ಮಗಳು ಸೆರೆಮನೆ. ನವಿಲಿಗೆ ಹಿಂದಿನ ಜನ್ಮದ ನೆನಪು ಮರಳಿದರೂ ಆ ನೆನಪು ಶಾಂತಿಯನ್ನು ತರುವುದಿಲ್ಲ, ಸೇಡನ್ನು ತರುತ್ತದೆ. ಕೋಳಿಜನ್ಮದಲ್ಲಿ ಮುನಿಯ ಉಪದೇಶ ಕಿವಿಗೆ ಬಿದ್ದ ಬಳಿಕವೇ ಸರಪಳಿ ಕಳಚತೊಡಗುತ್ತದೆ. ಕಥೆಯ ಒಟ್ಟು ಗತಿಯು ಬೀಭತ್ಸದಿಂದ ಶಾಂತಕ್ಕೆ ಸಾಗುವುದು. ಶಾಂತವನ್ನು ರಸಗಳ ಸಾಲಿಗೆ ಸೇರಿಸಿಕೊಂಡ ‘ಕವಿರಾಜಮಾರ್ಗ’ದ ರಾಜಧಾನಿಯಲ್ಲಿಯೇ ಇಂಥ ಕಾವ್ಯವೊಂದು ಹುಟ್ಟಿತೆಂಬುದು ಅರ್ಥಪೂರ್ಣವಾಗಿದೆ.

ಕೇಡು: ತತ್ತ್ವವೂ ಅದರ ಬಿರುಕೂ

ಕೇಡು ಸಂಕಲ್ಪದಲ್ಲಿದೆ ಎಂಬ ತತ್ತ್ವವನ್ನು ಕಥೆ ಎಷ್ಟು ನಿಷ್ಠೆಯಿಂದ ಪಾಲಿಸುತ್ತದೆ? ಚಂಡಮಾರಿಯ ವಿಷಯದಲ್ಲಿ ಜನ್ನನು ಬಹುದೂರ ಹೋಗುತ್ತಾನೆ. ಕಾವ್ಯದ ಅಂತ್ಯದಲ್ಲಿ ದೇವಿಯು ನಾಶವಾಗುವುದಿಲ್ಲ, ಊರಿನಿಂದ ಅಟ್ಟಿಸಿಕೊಳ್ಳುವುದಿಲ್ಲ. ಅವಳೂ ಮಕ್ಕಳ ಮಾತಿಗೆ ಮಣಿದು ಹಿಂಸೆಯನ್ನು ಬಿಡುತ್ತಾಳೆ. ದೇವತೆಯಲ್ಲಿಯೂ ಕೇಡು ಸ್ವಭಾವವಲ್ಲ, ತಿದ್ದಬಹುದಾದ ರೂಢಿ ಎಂಬುದು ಇದರ ಇಂಗಿತ. ಮಾರಿದತ್ತ, ಯಶೋಮತಿ ಮೊದಲಾದ ಹಿಂಸಕರೆಲ್ಲರಿಗೂ ಹಿಂತಿರುಗುವ ದಾರಿ ತೆರೆದಿದೆ.

ಆ ದಾರಿ ಮುಚ್ಚಿರುವುದು ಅಮೃತಮತಿಯೊಬ್ಬಳಿಗೆ. ಗಂಡನಿಗೂ ಅತ್ತೆಗೂ ವಿಷವಿಟ್ಟ ಅವಳಿಗೆ ಕುಷ್ಠರೋಗ, ಅನಂತರ ನರಕ. ಅವಳ ಅಪರಾಧ ಘೋರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನರಬಲಿಗೆ ಕತ್ತಿ ಎತ್ತಿದ ಅರಸನಿಗೆ ದೊರೆತ ಪಶ್ಚಾತ್ತಾಪದ ಅವಕಾಶ ಅವಳಿಗೇಕೆ ಇಲ್ಲವೆಂಬ ಪ್ರಶ್ನೆಯನ್ನು ಕಥೆ ಎದುರಿಸುವುದಿಲ್ಲ. ಜನ್ನನು ಅವಳ ಮೋಹದ ಹುಟ್ಟನ್ನು, ಬೆಳಗಿನ ಜಾವ ಗಜಶಾಲೆಯಿಂದ ತೇಲಿಬಂದ ಮಾವಟಿಗನ ಹಾಡನ್ನು, ಆ ಹಾಡಿಗೆ ಅವಳ ಮನಸ್ಸು ಸೋತ ಬಗೆಯನ್ನು ಅನುಕಂಪದಿಂದಲೇ ಬಿಡಿಸುತ್ತಾನೆ. ಕವಿಯಾಗಿ ಅವಳನ್ನು ಅರಿತವನು ಕಥೆಗಾರನಾಗಿ ಅವಳನ್ನು ಬಿಟ್ಟುಕೊಡುತ್ತಾನೆ. ಹೆಣ್ಣಿನ ಚಾಪಲ್ಯವೇ ವೈರಾಗ್ಯಕ್ಕೆ ಕಾರಣವೆಂಬ ಶ್ರಮಣಸಾಹಿತ್ಯದ ಹಳೆಯ ಸೂತ್ರ ಇಲ್ಲಿ ಸಂಕಲ್ಪತತ್ತ್ವಕ್ಕಿಂತ ಬಲವಾಗಿ ಕೆಲಸ ಮಾಡಿದೆ. ಗಿರೀಶ ಕಾರ್ನಾಡರು 1980ರಲ್ಲಿ ಪ್ರಕಟವಾದ ‘ಹಿಟ್ಟಿನ ಹುಂಜ’ ನಾಟಕದಲ್ಲಿ ರಾಣಿಯನ್ನು ಜೈನಳನ್ನಾಗಿ ಮಾಡಿ, ಅಹಿಂಸೆಯ ಪ್ರಶ್ನೆಯನ್ನು ಅವಳ ಬಾಯಿಂದ ಕೇಳಿಸಿದರು. ಏಳು ಶತಮಾನಗಳ ಬಳಿಕ ಕಥೆಯ ಈ ಬಿರುಕಿಗೆ ಕನ್ನಡ ಕೊಟ್ಟ ಪ್ರತಿಕ್ರಿಯೆ ಅದು.

ಆಕರವಾಗಿ ಕಾವ್ಯ: ಕೆಲವು ಎಚ್ಚರಗಳು

ಯಶೋಧರ ಕಾವ್ಯಗಳನ್ನು ಮಧ್ಯಕಾಲೀನ ಕೌಲ–ಕಾಪಾಲಿಕ ಆಚರಣೆಗಳಿಗೆ ಆಕರವಾಗಿ ಬಳಸುವ ಪದ್ಧತಿಯುಂಟು. 1949ರಲ್ಲಿ ಪ್ರಕಟವಾದ ‘ಯಶಸ್ತಿಲಕ’ದ ಕುರಿತ ಕೃಷ್ಣಕಾಂತ ಹಂಡಿಕಿ ಅವರ ಅಧ್ಯಯನವು ಆ ಕಾವ್ಯದ ಸಾಂಸ್ಕೃತಿಕ ಸಾಮಗ್ರಿಯನ್ನು ವಿಸ್ತಾರವಾಗಿ ತೆರೆದಿಟ್ಟಿತು. ಆದರೆ ಪ್ರತಿಪಕ್ಷದ ಕಾವ್ಯದಲ್ಲಿ ಬರುವ ವರ್ಣನೆಯು ಆಚರಣೆಯ ವರದಿಯಲ್ಲ. ತಲೆಬುರುಡೆಗಳಿಂದ ಅಲಂಕೃತವಾದ ಗುಡಿ, ಕರುಳಿನ ತೋರಣ ಮೊದಲಾದವು ಶ್ಮಶಾನವರ್ಣನೆಯ ಕವಿಸಮಯಗಳು. ಇವನ್ನು ಆಧರಿಸಿ ಕನ್ನಡನಾಡಿನ ಮಾರಿಯಮ್ಮ, ಮರಗಮ್ಮ ಮೊದಲಾದ ಗ್ರಾಮದೇವತೆಗಳ ಪೂರ್ವಚರಿತ್ರೆಯನ್ನು ಕಟ್ಟಹೊರಟರೆ, ಒಂದು ಧರ್ಮದ ಖಂಡನೆಯನ್ನು ಇನ್ನೊಂದು ಜನವರ್ಗದ ಇತಿಹಾಸವೆಂದು ದಾಖಲಿಸಿದಂತಾಗುತ್ತದೆ. ಕರ್ನಾಟಕದಲ್ಲಿ ಪ್ರಾಣಿಬಲಿಯನ್ನು ನಿಷೇಧಿಸುವ ಕಾನೂನು 1959ರಿಂದಲೂ ಇದೆ. ಬಲಿಯ ಚರ್ಚೆ ಇಂದಿಗೂ ಜೀವಂತವಾಗಿದೆ. ಆ ಕಾರಣದಿಂದ ಈ ವಿವೇಚನೆ ವಿದ್ವತ್ತಿಗೆ ಮಾತ್ರ ಸಂಬಂಧಿಸಿದ್ದಲ್ಲ.

ಎರಡನೆಯ ಎಚ್ಚರವು ಪಾಠಕ್ಕೆ ಸಂಬಂಧಿಸಿದ್ದು. ‘ಜಸಹರಚರಿಉ’ವನ್ನು ಪಿ. ಎಲ್. ವೈದ್ಯ ಅವರು 1931ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಕಾವ್ಯದ ಕೆಲವು ಭಾಗಗಳು ಗಂಧರ್ವನೆಂಬ ಕವಿಯು ಸೇರಿಸಿದವು. ಅವನು ವಿಕ್ರಮ ಸಂವತ್ 1365ರಲ್ಲಿ, ಎಂದರೆ ಕ್ರಿ.ಶ. 1308ರ ಸುಮಾರಿಗೆ, ಯೋಗಿನೀಪುರವೆಂಬ ಹೆಸರಿನ ದೆಹಲಿಯಲ್ಲಿ ಈ ಕೆಲಸ ಮಾಡಿದುದಾಗಿ ತಾನೇ ಒಪ್ಪಿಕೊಂಡಿದ್ದಾನೆ. ಅರಸನ ಆಸ್ಥಾನಕ್ಕೆ ಭೈರವಾನಂದನು ಬರುವ ಪ್ರಸಂಗವು ಅಂಥ ಸೇರ್ಪಡೆಗಳಲ್ಲಿ ಒಂದು. ಆದ್ದರಿಂದ ಈ ಪ್ರಸಂಗವನ್ನು ಹತ್ತನೆಯ ಶತಮಾನದ ಮಳಖೇಡದ ಸಾಕ್ಷ್ಯವೆಂದು ಉಲ್ಲೇಖಿಸಿದರೆ ಮೂರು ಶತಮಾನಗಳೂ ನೂರಾರು ಹರದಾರಿಗಳೂ ತಪ್ಪುತ್ತವೆ. 

ಹಾಗಾದರೆ ಮಳಖೇಡದ ಕಾವ್ಯದಿಂದ ಇತಿಹಾಸಕ್ಕೆ ದೊರೆಯುವುದೇನು? ಉತ್ತರ ಕಥೆಯಲ್ಲಿಲ್ಲ, ಕಾವ್ಯದ ಕೊನೆಯ ಪ್ರಶಸ್ತಿಯಲ್ಲಿದೆ. 967ರಲ್ಲಿ ಮೂರನೆಯ ಕೃಷ್ಣನು ತೀರಿಕೊಂಡ ಬಳಿಕ ಅವನ ತಮ್ಮ ಖೊಟ್ಟಿಗನು ಪಟ್ಟಕ್ಕೆ ಬಂದನು. 972ರಲ್ಲಿ ಮಾಳವದ ಪರಮಾರ ಸೀಯಕನು ಮಾನ್ಯಖೇಟವನ್ನು ಮುತ್ತಿ ಸೂರೆಗೊಂಡನು. ಧನಪಾಲನ ‘ಪಾಇಯಲಚ್ಛೀ’ ಎಂಬ ಪ್ರಾಕೃತ ಕೋಶವು ವಿಕ್ರಮ ಸಂವತ್ 1029ರ ಈ ಲೂಟಿಯನ್ನು ಗೆದ್ದವರ ಪಕ್ಷದಿಂದ ನೆನೆಯುತ್ತದೆ. ಸೋತವರ ಪಕ್ಷದಿಂದ ನೆನೆದವನು ಪುಷ್ಪದಂತ. ‘ಮಹಾಪುರಾಣ’ದ ಹಸ್ತಪ್ರತಿಗಳಲ್ಲಿ ಉಳಿದಿರುವ ಒಂದು ಸಂಸ್ಕೃತ ಪದ್ಯವು ದೀನರಿಗೆ ಆಸರೆಯಾಗಿದ್ದ ನಗರವು ಧಾರಾನಗರದ ದೊರೆಯ ಕೋಪದ ಬೆಂಕಿಯಲ್ಲಿ ಬೆಂದುದನ್ನು ಹೇಳಿ, ಕವಿಯು ಇನ್ನು ಎಲ್ಲಿ ನೆಲಸಬೇಕೆಂದು ಕೇಳುತ್ತದೆ. ‘ಮಹಾಪುರಾಣ’ವು 965ರಲ್ಲೇ ಮುಗಿದಿದ್ದರಿಂದ ಈ ಪದ್ಯವು ಅನಂತರ ಸೇರಿದ್ದೆಂಬುದು ಸ್ಪಷ್ಟ.

‘ಜಸಹರಚರಿಉ’ದ ಕೊನೆಯಲ್ಲಿ ಕವಿಯು ತಾನಿರುವ ಕಾಲವನ್ನು ವರ್ಣಿಸುತ್ತಾನೆ. ನಾಡು ಸತ್ತ್ವಹೀನವಾಗಿದೆ, ತಲೆಬುರುಡೆಗಳು ಬಿದ್ದಿವೆ, ಮನುಷ್ಯರ ಅಸ್ಥಿಪಂಜರಗಳು ಹರಡಿವೆ, ಭಿಕಾರಿಗಳು ತುಂಬಿದ್ದಾರೆ, ಬರ ಘೋರವಾಗಿದೆ. ಅಂಥ ಕಾಲದಲ್ಲಿ ನನ್ನನು ತನಗೆ ಮನೆಯನ್ನೂ ಒಳ್ಳೆಯ ಊಟವನ್ನೂ ಬಟ್ಟೆಯನ್ನೂ ಕೊಟ್ಟು ಕಾಪಾಡಿದನೆಂದು ಕೃತಜ್ಞತೆಯಿಂದ ಸ್ಮರಿಸುತ್ತಾನೆ. ಈ ವರ್ಣನೆ 972ರ ಲೂಟಿಯ ಬಳಿಕದ ಮಳಖೇಡದ್ದೆಂದು ನಾಥೂರಾಮ ಪ್ರೇಮಿ ಅವರು ಊಹಿಸಿದ್ದಾರೆ. ಊಹೆ ಸಮಂಜಸವಾಗಿದೆ.

ಕಾವ್ಯದ ಆದಿಯಲ್ಲಿ ಮಾರಿಗುಡಿಯ ಬುರುಡೆಗಳಿದ್ದರೆ ಅಂತ್ಯದಲ್ಲಿ ಬರಗಾಲದ ಬುರುಡೆಗಳಿವೆ. ಮೊದಲಿನವು ಕವಿಸಮಯ, ಕೊನೆಯವು ಕವಿಯು ಕಂಡವು. ಮೊದಲಿನವಕ್ಕೆ ಕಾರಣ ಒಬ್ಬ ಅರಸನ ಸಂಕಲ್ಪವೆಂದು ಕಥೆ ಹೇಳುತ್ತದೆ. ಕೊನೆಯವಕ್ಕೂ ಅರಸರ ಸಂಕಲ್ಪವೇ ಕಾರಣವೆಂದು ಪುಷ್ಪದಂತನು ಬಾಯಿಬಿಟ್ಟು ಹೇಳಿಲ್ಲ; ಒಂದೇ ಕೃತಿಯ ಎರಡು ತುದಿಗಳಲ್ಲಿ ಅವೆರಡನ್ನೂ ಇಟ್ಟಿದ್ದಾನೆ. ‘ಮಹಾಪುರಾಣ’ದ ಆರಂಭದಲ್ಲಿಯೂ, ಊರ ಹೊರಗಿನ ವನದಲ್ಲಿ ದಣಿದು ಕುಳಿತ ಕವಿ, ದುರ್ಜನರ ಗಂಟುಹುಬ್ಬನ್ನು ನೋಡುವುದಕ್ಕಿಂತ ಗುಡ್ಡದ ಗವಿಯಲ್ಲಿ ಹುಲ್ಲು ತಿಂದಿರುವುದು ಲೇಸೆಂದು ನಗರಪ್ರವೇಶಕ್ಕೆ ಹಿಂಜರಿಯುತ್ತಾನೆ. ಅವನಿಗೆ ಕಾಡು ಭಯದ ತಾಣವಲ್ಲ, ಆಸ್ಥಾನದ ಕೇಡಿನಿಂದ ದೊರೆಯಬಹುದಾದ ಬಿಡುಗಡೆ. ಜನ್ನನಲ್ಲಿ ಮಾಂಸದಂತೆ ಕಾಣುವ ವನವೂ ಪುಷ್ಪದಂತನಲ್ಲಿ ಆಶ್ರಯವಾಗಿ ಕಾಣುವ ವನವೂ ಬೇರೆಬೇರೆಯಲ್ಲ. ಅಲ್ಲಿಗೆ ಹೋದ ಮನುಷ್ಯರು ಬೇರೆ.

ಉಪಸಂಹಾರ

ಯಶೋಧರನ ಕಥೆಯು ಕೇಡನ್ನು ಹೊರಗಿನಿಂದ ಒಳಕ್ಕೆ, ದೇವತೆಯಿಂದ ಮನುಷ್ಯನ ಸಂಕಲ್ಪಕ್ಕೆ ತಂದು ನಿಲ್ಲಿಸಿತು. ಸೋಮದೇವನಲ್ಲಿ ಅದು ಪಂಥದ ಕೇಡು, ಜನ್ನನಲ್ಲಿ ರೂಢಿಯ ಮತ್ತು ಬಯಕೆಯ ಕೇಡು. ಈ ಪಯಣದಲ್ಲಿ ಮಾರಿಗೆ ಬಿಡುಗಡೆ ದೊರೆಯಿತು, ಅಮೃತಮತಿಗೆ ದೊರೆಯಲಿಲ್ಲ. ನಿಸರ್ಗವು ಮನುಷ್ಯನ ಮನಸ್ಸನ್ನು ತೋರುವ ಕನ್ನಡಿಯಾಗಿಯೂ ಅವನ ಕರ್ಮವನ್ನು ಅನುಭವಿಸುವ ನೆಲೆಯಾಗಿಯೂ ನಿಂತಿತು. ಮಳಖೇಡದ ಪುಷ್ಪದಂತನು ಇವೆಲ್ಲಕ್ಕೆ ಕಥೆಯ ಹೊರಗಿನ ಒಂದು ಅನುಭವವನ್ನು ಸೇರಿಸಿದ್ದಾನೆ: ಕೊಳ್ಳೆಹೋದ ಊರಿನಲ್ಲಿ, ಬರದ ನಡುವೆ, ಒಬ್ಬನು ಇನ್ನೊಬ್ಬನಿಗೆ ಅನ್ನವಿಕ್ಕಿ ನೆಲೆ ಕೊಟ್ಟದ್ದು. ಅಹಿಂಸೆ ಎಂದರೆ ಕೊಲ್ಲದಿರುವುದು ಮಾತ್ರವಲ್ಲ, ಬದುಕಿಸುವುದೂ ಹೌದೆಂಬುದಕ್ಕೆ ಆ ಪ್ರಶಸ್ತಿಗಿಂತ ಬೇರೆ ವ್ಯಾಖ್ಯಾನ ಬೇಕಾಗದು. ಕಾಗಿಣಾ–ಮುಲ್ಲಾಮಾರಿ ಬಯಲಿನ ಸಾಹಿತ್ಯಚರಿತ್ರೆಯನ್ನು ಬರೆಯುವವರು ‘ಕವಿರಾಜಮಾರ್ಗ’ದೊಡನೆ ಈ ಅಪಭ್ರಂಶ ಕಾವ್ಯವನ್ನೂ ಅದರ ಕೊನೆಯ ಸಾಲುಗಳನ್ನೂ ಪರಿಗಣಿಸಬೇಕಾಗುತ್ತದೆ. ಅದರ ಸಮರ್ಥವಾದ ಕನ್ನಡ ಅಧ್ಯಯನಗಳು ಹೆಚ್ಚಿದಷ್ಟೂ ಜನ್ನನ ಕಾವ್ಯದ ಹಿನ್ನೆಲೆಯೂ ಈ ಸೀಮೆಯ ಗತವೂ ಸ್ಪಷ್ಟವಾಗುತ್ತವೆ.